ಮುರಿದದ್ದು, ಕಡಿದದ್ದು

ನಮ್ಮೂರ ಹೆಂಗಸರು ಕಾಡು ಕಡಿಯುತ್ತಾರೆ ಎಂದು ಬರೆದವಳು ನಾನು. ನೀಲಿ ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ, ಒಂದೂ ಸ್ಪೆಲಿಂಗ್ ತಪ್ಪಿಲ್ಲದೆ ಬರೆದಿದ್ದೆ.

ದೇವಿಕೊಪ್ಪದ ಆಚೆ ಸಾಗವಾನಿ ಕಾಡಿನ ಅಂಚಿಗೆ ನಮ್ಮೂರು. ಧಾರವಾಡದಲ್ಲಿ ಸಿಸ್ಟರ್‌ಗಳ ಶಾಲೆಯಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದವಳು ನಾನು. ಕಲಿತ ಇಂಗ್ಲಿಷು ಔಷಧಿ ಬಾಟಲಿಯ ಚೀಟಿ ಓದುವುದಕ್ಕೆ, ಬ್ಯಾಂಕಿನ ಫಾರಂ ತುಂಬುವುದಕ್ಕೆ ಬಿಟ್ಟರೆ ಕೆಲಸಕ್ಕೆ ಬಂದದ್ದು ಕಡಿಮೆ. ಹೀಗಾಗಿ, ಕಾಡು ಉಳಿಸುವ ಯೋಜನೆಯೊಂದರ ಮೇಡಂ ಜೀಪಿನಲ್ಲಿ ಬಂದಿಳಿದು, ‘ಇಲ್ಲಿ ಇಂಗ್ಲಿಷ್ ಬರೆಯೋರು ಯಾರಾದ್ರೂ ಇದ್ದಾರಾ?’ ಎಂದು ಕೇಳಿದಾಗ ನಮ್ಮ ಮನೆಯವರು ಕಟ್ಟೆಯಿಂದಲೇ, ‘ನಮ್ಮನ್ಯಾಗ ಕಾನ್ವೆಂಟ್ ಕಲತಾರ ಅದಾರ್ರಿ’ ಎಂದರು. ನನಗೂ ಒಳಗೊಳಗೇ ಹಿಗ್ಗು. ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗಿ ಶಾಲೆಯ ಪಡಸಾಲೆಯಲ್ಲಿ ಕುಳಿತೆ.

ಮೇಡಂ ಮೈಸೂರು ಕಡೆಯವರು, ಮೆತ್ತಗಿನ ಮಾತು. ಮರ ಬೆಳೆಯುತ್ತ ಗಾಳಿಯಲ್ಲಿನ ಇಂಗಾಲವನ್ನು ಹೀರಿ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಕಡಿದು ಸುಟ್ಟರೆ ಅದೆಲ್ಲ ಮತ್ತೆ ಗಾಳಿಗೆ ಹೋಗಿ ಭೂಮಿ ಬಿಸಿಯಾಗುತ್ತದೆ. ಕಡಿಯದೆ ಉಳಿಸಿದ ಊರಿಗೆ ದೂರದ ದೇಶಗಳ ಕಂಪನಿಗಳಿಂದ, ಅವು ಬಿಡುವ ಹೊಗೆಗೆ ಬದಲಾಗಿ, ನೆರವು ಬರುತ್ತದೆ ಎಂದು ತಿಳಿಸಿ ಹೇಳಿದರು. ನಮ್ಮಲ್ಲಿ ಕಾಡು ಯಾಕೆ ಕಡಿಮೆಯಾಗುತ್ತಿದೆ ಎಂಬುದನ್ನು ಮೊದಲು ತಿಳಿಯಬೇಕು, ಅದಕ್ಕೇ ಈ ಫಾರಂ.

‘ಇಂಗಾಲ ಅಂದ್ರ?’ ಎಂದಳು ಮುಂದೆ ಕುಳಿತಿದ್ದ ಕಟಗಿ ಆಯಿ. ಕೆಳಗಿನ ಓಣಿಯ ಮುದುಕಿ ಆಕೆ. ದಿನಾ ಕಾಡಿಗೆ ಹೋಗಿ ಒಣ ಕಟ್ಟಿಗೆ ಹೊತ್ತು ತರುವುದರಿಂದ ಊರಿಗೆಲ್ಲ ಅದೇ ಹೆಸರು. ನಮ್ಮ ಬಚ್ಚಲ ಒಲೆಗೂ ಅವಳದೇ ಹೊರೆ.

‘ಇದ್ದಲಿ ಇದ್ದಂಗ, ಆಯಿ,’ ಎಂದೆ.

‘ಇದ್ದಲಿ ಗಿಡದಾಗ ಇರತೈತಿ? ನಾ ಒಲ್ಯಾಗ ಇರತೈತಿ ಅಂತ ತಿಳಿದಿದ್ನಿ. ಕಲತಾರ ಮಾತು ಬ್ಯಾರೇನ ಬಿಡ್ರಿ.’

ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ಮೇಡಂ ಕೂಡ ನಕ್ಕರು.

ಒಲೆಗೆ ಕಟ್ಟಿಗೆ ಎಲ್ಲಿಂದ ಎಂಬ ಸಾಲು ಬಂತು. ‘ಎಲ್ಲಿಂದ ಅಂದ್ರ? ಅಡವ್ಯಾಗ ಮುರಕೊಂಡ ಬರತೀವ್ರಿ,’ ಎಂದಳು ಆಯಿ. ಅವಳ ಹಿಂದೆ ಬಂದವರೆಲ್ಲ ಅದನ್ನೇ ಹೇಳಿದರು. ಮುರಕೊಂಡು ಬರುವುದು. ‘ಬ್ರೇಕ್’ ಎಂದು ಬರೆಯಲು ಹೋದೆ. ಚಹಾದ ಕಪ್ಪು-ಬಸಿ ಒಡೆದ ಹಾಗೆ ಕೇಳಿಸಿತು. ನಮ್ಮ ಸಿಸ್ಟರ್ ಆಗಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದರು ಅನ್ನಿಸಿತು. ಒಪ್ಪವಾಗಿ ‘ದೇ ಕಟ್ ವುಡ್ ಫ್ರಮ್ ದ ಫಾರೆಸ್ಟ್’ ಎಂದು ಬರೆದೆ. ಒಂದು ಫಾರಂನಲ್ಲಲ್ಲ, ಎಲ್ಲದರಲ್ಲೂ.

ಮಳೆಗಾಲ ಕಳೆದ ಮೇಲೆ ಯೋಜನೆಯ ಜೆಸಿಬಿ ಕಾಡಿನ ಅಂಚಿಗೆ ಬಂದು ಕಂದಕದಂಥ ಅಗಳು ತೋಡಿತು. ಕಾವಲಿಗೆ ಒಬ್ಬ ಗಾರ್ಡು ಬಂದ. ಸೌದೆಗೆ ಒಳಗೆ ಹೋಗಬಾರದು ಎಂದು ಹಸಿರು ಬೋರ್ಡು ನಿಂತಿತು. ಮರುದಿನ ಬೆಳಿಗ್ಗೆ ಆಯಿ ನಮ್ಮ ಹಿತ್ತಿಲ ಬಾಗಿಲಿಗೆ ಬರಿಗೈಯಲ್ಲಿ ಬಂದಳು. ತಲೆಯ ಮೇಲಿನ ಸಿಂಬಿ ಹಾಗೇ ಇತ್ತು, ಹೊರೆ ಇರಲಿಲ್ಲ.

‘ವೈನಿಯವರ, ನನ್ನ ಹಗ್ಗಾ ಕಸಗೊಂಡಾನ್ರಿ ಗಾರ್ಡು. ನಾವು ಗಿಡಾ ಕಡದು ಅಡವಿ ಹಾಳ ಮಾಡೇವಂತ. ಕಾಗದದಾಗ ಬರದೈತಂತ. ಯಾರ್ ಬರದಾರೋ ಏನೋ, ಅವರ ಕೈಗೆ ಹುಳಾ ಬೀಳ್ಲಿ.’

ನಾನು ರೊಟ್ಟಿ ತಟ್ಟುತ್ತಿದ್ದೆ. ಕೈಗೆಲ್ಲ ಹಿಟ್ಟು.

‘ಆಯಿ, ಅದನ್ನ ನಾನ ಬರದೇನಿ.’

ಅವಳು ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ಸಿಂಬಿ ತೆಗೆದು ಕೊಡವಿ ಕಂಕುಳಲ್ಲಿ ಇಟ್ಟುಕೊಂಡಳು. ‘ಹಂಗಾರ ನಾಳಿಂದ ನಿಮ್ಮ ಜಳಕದ ನೀರು ಆ ಪೆನ್ನ ಹಚ್ಚಿ ಕಾಸ್ಕೋರಿ,’ ಎಂದು ಹೊರಟುಹೋದಳು.

ನಮಗೇನು, ನೀರು ಕಾಯಿಸಲು ಗ್ಯಾಸಿತ್ತು. ಅವಳ ಮನೆಯ ಸಿಲಿಂಡರ್ ಖಾಲಿಯಾಗಿ ಮೂಲೆಗೆ ಸೇರಿ, ಅದರ ಮೇಲೆ ಹಿಟ್ಟಿನ ಡಬ್ಬಿ ಕುಳಿತು ಎಷ್ಟೋ ದಿನವಾಗಿತ್ತು. ಅವಳ ಒಲೆ ಹೊತ್ತಬೇಕಾದರೆ ಕಾಡಿನ ದಾರಿ ತೆರೆಯಬೇಕು. ಅದನ್ನು ಮುಚ್ಚಿದ್ದು ನನ್ನ ಒಂದು ಶಬ್ದ.

ಆವತ್ತು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಮನೆಯವರಿಗೆ ಹೇಳಿದೆ. ‘ಫಾರಂ ತಪ್ಪಾಗೇತ್ರಿ. ತಿದ್ದಸಬೇಕು.’

‘ನೀ ಸುಮ್ನಿರು. ಎರಡ ದಿನಾ ಒದರಾಡಿ ಮರೀತಾರ.’

‘ಮರೀಲಿಕ್ಕೆ ಅವರು ಉಣ್ಣೂದು ಬಿಡಬೇಕಲ್ರಿ.’

ಅವರು ತುತ್ತು ಕೈಯಲ್ಲೇ ಹಿಡಿದರು. ‘ಆತು, ಹೆಂಗಸರು ಕಡದಿಲ್ಲ. ಹಂಗಾರ ಯಾರ್ ಕಡದ್ರು ಅಂತ ಕೇಳ್ತಾರ. ಏನ್ ಹೇಳ್ತಿ?’

‘ಅಡವಿ ಕಬ್ಬಿಗೆ ಹೋತು ಅಂತ ಹೇಳ್ತೇನ್ರಿ.’

‘ಯಾರ ಕಬ್ಬಿಗೆ?’

‘ನಮ್ಮದೂ ಅದರಾಗ ಐತಿ.’

ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು, ಯಾರೂ ಆಡದ ಮಾತು. ನಾನು ಮದುವೆಯಾಗಿ ಬಂದಾಗ ನಮ್ಮ ಹೊಲದ ಬದುವಿಗೂ ಕಾಡಿಗೂ ನಡುವೆ ಮತ್ತಿ, ದಿಂಡಲ ಮರಗಳ ಒಂದು ಪಟ್ಟಿ ಇತ್ತು. ಬುತ್ತಿ ಒಯ್ದಾಗ ಅದರ ನೆರಳಿನಲ್ಲಿ ಕೂರುತ್ತಿದ್ದೆವು. ವರ್ಷ ವರ್ಷ ಬದು ಒಂದೊಂದು ಮಾರು ಮುಂದೆ ನಡೆಯಿತು. ಆಮೇಲಾಮೇಲೆ ಬುತ್ತಿ ಒಯ್ದವಳು ಟ್ರ್ಯಾಕ್ಟರಿನ ನೆರಳಿನಲ್ಲಿ ಕೂರಬೇಕಾಯಿತು. ನಮ್ಮದೊಂದೇ ಅಲ್ಲ, ಅಂಚಿನಲ್ಲಿ ಹೊಲವಿದ್ದ ಎಲ್ಲರದೂ ಅದೇ ಕಥೆ. ಆದರೆ ಫಾರಂನಲ್ಲಿ ಕಬ್ಬಿನ ಸಾಲೇ ಇರಲಿಲ್ಲ. ಒಲೆಯ ಸಾಲು ಇತ್ತು.

ಮುಂದಿನ ವಾರ ಮೇಡಂ ವರದಿ ಓದಲು ಬಂದರು. ಶಾಲೆಯ ಪಡಸಾಲೆ ತುಂಬಿತ್ತು. ಮುಂದೆ ಕುರ್ಚಿಗಳಲ್ಲಿ ಗಂಡಸರು, ಹಿಂದೆ ಕಂಬದ ಬಾಜು ಹೆಂಗಸರು. ‘ಈ ಭಾಗದ ಕಾಡು ನಾಶಕ್ಕೆ ಮುಖ್ಯ ಕಾರಣ, ಮಹಿಳೆಯರು ಸೌದೆಗಾಗಿ ಮರ ಕಡಿಯುವುದು,’ ಎಂದು ಅವರು ಓದಿದರು. ನಾನು ಎದ್ದು ನಿಂತೆ. ಈ ಊರಲ್ಲಿ ಅಷ್ಟು ಜನರ ಮುಂದೆ ನಾನು ಅದುವರೆಗೆ ಬಾಯಿ ತೆರೆದವಳೇ ಅಲ್ಲ.

‘ಅದನ್ನ ಬರದಾಕಿ ನಾನ್ರಿ. ಅದು ಸುಳ್ಳು ಐತಿ.’

‘ವೈನಿಯವರು ಮಾತಾಡಾಕತ್ತಾರಲೇ!’ ಎಂದು ಮುಂದಿನಿಂದ ಯಾರೋ ಅಂದರು. ಮನೆಯವರು ಮಾತ್ರ ತಿರುಗಿ ನೋಡಲಿಲ್ಲ.

ಮೇಡಂ ತಬ್ಬಿಬ್ಬಾದರು. ‘ಅದು ಆಗ್ಲೇ ಮೇಲಕ್ಕೆ ಹೋಗಿದೆ. ಈಗ ಬದಲಾಯಿಸೋಕಾಗಲ್ಲ.’

‘ಮ್ಯಾಲೆ ಹೋದದ್ದನ್ನ ಕೆಳಗ ಇಳಸ್ರಿ. ಅವರು ಮುರೀತೀವಿ ಅಂದ್ರು, ನಾ ಕಡೀತಾರ ಅಂತ ಬರದೆ. ಎರಡೂ ಒಂದ ಅಲ್ಲ.’

‘ಏನು ವ್ಯತ್ಯಾಸ?’

ನಾನು ಬಾಯಿ ತೆರೆಯುವ ಮೊದಲೇ ಆಯಿ ಎದ್ದಳು. ಅಂಗಳದಲ್ಲಿ ಬಿದ್ದಿದ್ದ ಒಂದು ಕಡ್ಡಿ ತಂದು ಮೊಣಕಾಲಿಗೆ ಒತ್ತಿದಳು. ಛಟ್ ಎಂದು ಮುರಿಯಿತು. ‘ಇದು ಒಲೀಗೆ.’ ಪಡಸಾಲೆಗೆ ತಾಗಿದ ಬೇಲಿಯ ಗಿಡದ ಟೊಂಗೆಯೊಂದನ್ನು ಹಿಡಿದು ಬಗ್ಗಿಸಿದಳು. ಅದು ಬಾಗಿತು, ಬಿಟ್ಟಾಗ ಹಿಂದಕ್ಕೆ ಹೋಯಿತು. ‘ಇದಕ ಜೀವ ಐತಿ. ಇದನ್ನ ಮುಟ್ಟೂದಿಲ್ಲ. ಅಡವಿ ಕಡೆ ಬರ್ರಿ, ಬೊಡ್ಡಿ ತೋರಸ್ತೇನಿ. ಗರಗಸಾ ಹಾಕಿ ತಾಟಿನಂಗ ಸಪಾಟ ಮಾಡ್ಯಾರ. ನನ್ನ ಮೊಣಕಾಲಿಗೆ ಅಷ್ಟ ಕಸುವಿದ್ರ ನಾ ಯಾಕ ಕಟಗಿ ಹೊರತಿದ್ನಿ, ಕುಸ್ತಿಗೆ ಹೋಗತಿದ್ನಿ.’

ನಗು ಎದ್ದಿತು. ಗಂಡಸರು ಕೂಡ ತಡೆಯಲಾಗದೆ ನಕ್ಕರು. ಮೇಡಂ ನಗಲಿಲ್ಲ, ಚಪ್ಪಲಿ ಹಾಕಿಕೊಂಡು, ‘ನಡೀರಿ ನೋಡೋಣ’ ಎಂದರು. ಅವರ ಬಗ್ಗೆ ಇವತ್ತಿಗೂ ನನಗೆ ಗೌರವ ಇರುವುದು ಅದಕ್ಕೆ.

ಬೊಡ್ಡೆಗಳು ಕಾಡಿನ ಒಳಗಿರಲಿಲ್ಲ. ಅಂಚಿನುದ್ದಕ್ಕೂ, ಕಬ್ಬಿನ ಸಾಲುಗಳ ನಡುವೆಯೇ ಇದ್ದವು. ಕೆಲವಕ್ಕೆ ಮಣ್ಣು ಮುಚ್ಚಿದ್ದರು. ನಮ್ಮ ಹೊಲದಲ್ಲಿ ಒಂದರ ಮೇಲೆ ಪಂಪಿನ ಪೈಪು ಸುತ್ತಿಟ್ಟಿತ್ತು.

ಬದುವಿನ ಮೇಲೆಯೇ ಕುಳಿತು ಹೊಸ ಕಾಗದ ಬರೆದೆ, ಈ ಸಲ ಕನ್ನಡದಲ್ಲಿ. ಮೇಡಂ ಮೆಲ್ಲಗೆ, ‘ಹೊಲದ ಸರ್ವೇ ನಂಬರೂ ಬರೀತೀರಾ?’ ಎಂದು ಕೇಳಿದರು. ನಮ್ಮ ಮನೆಯವರು ನಾಲ್ಕು ಹೆಜ್ಜೆ ಆಚೆ ನಿಂತಿದ್ದರು. ಮೊದಲು ನಮ್ಮ ಹೊಲದ್ದೇ ಬರೆದೆ, ಆಮೇಲೆ ಉಳಿದವರದು. ದೂರದ ದೇಶದವರ ಹೊಗೆಗೆ ಆಯಿಯ ಒಲೆ ಜಾಮೀನು ನಿಲ್ಲುವುದಾದರೆ, ನಮ್ಮ ಕಬ್ಬೂ ನಿಲ್ಲಲಿ.

ಆಯಿ ನನಗೆ ಕೈ ಮುಗಿಯಲಿಲ್ಲ, ಒಳ್ಳೆಯ ಮಾತೂ ಆಡಲಿಲ್ಲ. ‘ಓದ್ರಿ, ಏನ್ ಬರದೀರಿ,’ ಎಂದಳು. ಓದಿದೆ. ‘ಇನ್ನೊಮ್ಮೆ ಓದ್ರಿ.’ ಓದಿದೆ. ‘ಮುರೀತೀವಿ ಅಂತನ ಐತೇನು?’ ‘ಐತಿ, ಆಯಿ.’ ಆಮೇಲೆಯೇ ಹೆಬ್ಬೆಟ್ಟು ಒತ್ತಿದಳು.

ಮರುಪರಿಶೀಲನೆಗೆ ಮೇಡಂ ಬರೆದು ಕಳಿಸಿದರು. ಅದರ ಉತ್ತರ ಇನ್ನೂ ಬಂದಿಲ್ಲ. ಹೆಂಗಸರು ಅದಕ್ಕೆ ಕಾಯಲಿಲ್ಲ. ಮರುದಿನವೇ ಅಗಳಿಗೆ ಅಡ್ಡ ಎರಡು ಕಲ್ಲು ಹಾಸಿ ಕಾಡಿಗೆ ಹೋದರು, ಕಾಗದದ ಝೆರಾಕ್ಸ್ ಹಿಡಿದು ನಾನೂ ಹೋದೆ. ಗಾರ್ಡು ಕಾಗದ ಓದಿದ, ಕೆಳಗಿದ್ದ ಮೇಡಂ ಸಹಿ ನೋಡಿ ಹಗ್ಗ ತಂದುಕೊಟ್ಟ.

ಮನೆಯಲ್ಲಿ ಮಾತು ನಿಂತಿತು. ಮನೆಯವರು ನನಗೆ ಹೇಳಬೇಕಾದ್ದನ್ನು ನಮ್ಮ ಅತ್ತೆಯವರಿಗೆ ಹೇಳುತ್ತಿದ್ದರು, ನಾನು ಎದುರಿಗೇ ಇದ್ದರೂ. ನಾನು ತಪ್ಪಾಯಿತು ಅನ್ನಲಿಲ್ಲ. ಕಬ್ಬು ನಾಟಿಯ ಹೊತ್ತಿಗೆ ಒಂದು ಬೆಳಿಗ್ಗೆ ಚಹಾದ ಕಪ್ಪು ನೋಡುತ್ತ, ‘ಅವ್ವಾ, ಅಂಚಿನ ಪಟ್ಟಿ ಈ ಸಲ ಬಿಡಬೇಕೇನು ಕೇಳ ಅಕಿನ್ನ,’ ಎಂದರು.

‘ಬಿಡಬೇಕು,’ ಎಂದೆ ನಾನು.

ಅವರು ತಲೆ ಎತ್ತಲಿಲ್ಲ. ಅತ್ತೆಯವರು ಸೋಸುತ್ತಿದ್ದ ಮೆಂತೆಪಲ್ಲೆ ಬುಟ್ಟಿಗೆ ಹಾಕಿ ಮಗನ ಕಡೆ ತಿರುಗಿದರು.

‘ಬಿಡಬೇಕಂತಲೋ. ಕೇಳಿಸ್ಲಿಲ್ಲೇನು?’