ಹಸಿರು ಗುರುತು ನಾನು ನೋಡಿದ್ದೆ

ಕಾಫಿ ಕೊಯ್ಯುವ ಹೆಂಗಸರ ಬೆರಳಿನಲ್ಲಿ ಗೆರೆ ಉಳಿಯುವುದಿಲ್ಲ. ಹಣ್ಣಿನ ಕರೆ ಹಿಡಿದು ಕಪ್ಪಾಗಿ, ಕರಿಮೆಣಸು ಉದುರಿಸಿ ಉದುರಿಸಿ ನುಣುಪಾಗಿ, ಕೊನೆಗೆ ರೇಷನ್ ಅಂಗಡಿಯ ಯಂತ್ರಕ್ಕೆ ಅವರು ಯಾರೆಂದೇ ಗೊತ್ತಾಗುವುದಿಲ್ಲ. ನಾನು ಶ್ರೀಮಂಗಲದ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದೆ. ಹಾಜರಿ ಬರೆಯುವುದು, ಆಳುಗಳ ಕೆಲಸ ನೋಡಿಕೊಳ್ಳುವುದು ನನ್ನ ಪಾಲು. ಬೆರಳಿನ ಈ ತೊಂದರೆಗೆ ನನ್ನಲ್ಲೊಂದು ಉಪಾಯವಿತ್ತು. ಹೆಬ್ಬೆರಳನ್ನು ಹುಣಸೆಹುಳಿಯಲ್ಲಿ ತಿಕ್ಕಿ ತೊಳೆಯಬೇಕು, ಒರೆಸಿ ತಲೆಗೂದಲಿಗೆ ಸವರಬೇಕು, ಆ ಎಣ್ಣೆಪಸೆಯಲ್ಲೇ ಒತ್ತಬೇಕು. ತಗೊಳ್ಳಲಿಲ್ಲವೇ, ಇನ್ನೊಮ್ಮೆ. ಆಗಲೂ ಇಲ್ಲವೇ, ಮತ್ತೊಮ್ಮೆ. ಆಳುಗಳು ಸಾಲಾಗಿ ವಾಸವಿರುವ ಲೈನ್ ಮನೆಗಳ ಹೆಂಗಸರಿಗೆಲ್ಲ ಇದನ್ನು ಕಲಿಸಿದವನು ನಾನೇ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ಕೊಯ್ಲಿನ ಕಾಲದಲ್ಲಿ ಒಮ್ಮೆ ವಿರಾಜಪೇಟೆಗೆ ಸಂತೆಗೆ ಹೋದಾಗ, ಬಣ್ಣದ ಛತ್ರಿಯ ಕೆಳಗೆ ಸಿಮ್ ಮಾರುತ್ತಿದ್ದವನೊಬ್ಬ ನನ್ನನ್ನು ಮಾತಿಗೆಳೆದ.

"ಲೈನಿನವರು ಬಸ್ಸು ಹತ್ತಿ ಬರೋದು ಯಾಕೆ ರೈಟರೇ? ನಾನೇ ಎಸ್ಟೇಟಿಗೆ ಬರ್ತೇನೆ. ಸಿಮ್ ಎಲ್ಲರಿಗೂ ಬಿಟ್ಟಿ. ನಿಮ್ಮ ಫೋನಿಗೆ ವರ್ಷ ಇಡೀ ರೀಚಾರ್ಜ್ ನನ್ನ ಲೆಕ್ಕದಲ್ಲಿ."

ಎಸ್ಟೇಟಿನ ಮಾಲೀಕರಾದ ಸಾವ್ಕಾರ್ರನ್ನು ಕೇಳದೆ ಹೊರಗಿನವರನ್ನು ಗೇಟಿನೊಳಗೆ ಬಿಡಬಾರದೆಂಬ ನಿಯಮವಿತ್ತು. ನಾನು ಕೇಳಲಿಲ್ಲ. ಬಿಟ್ಟಿ ಕೊಟ್ಟು ಇವನು ಬದುಕುವುದು ಹೇಗೆ ಎಂದು ನನ್ನನ್ನೇ ನಾನು ಕೇಳಿಕೊಳ್ಳಲೂ ಇಲ್ಲ.

ಭಾನುವಾರ ಅವನು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತ. ನಾನು ಅವನ ಬೆನ್ನ ಹಿಂದೆ ನಿಂತಿದ್ದೆ. ಸಾಲಿನಲ್ಲಿ ಒಬ್ಬಳು ವಿಧವೆ ಇದ್ದಳು. ಪಿರಿಯಾಪಟ್ಟಣದ ಕಡೆಯವಳು, ಮದುವೆಯಾಗಿ ಬಂದಾಗಿನಿಂದ ನಮ್ಮಲ್ಲೇ ಕೆಲಸ. ಶಾಲೆಗೆ ಹೋಗುವ ಮಗಳೊಬ್ಬಳನ್ನು ಬಿಟ್ಟರೆ ಅವಳಿಗೆ ಯಾರೂ ಇರಲಿಲ್ಲ. ಅವನ ಫೋನಿಗೆ ಜೋಡಿಸಿದ್ದ ಪುಟ್ಟ ಯಂತ್ರದ ಮೇಲೆ ಅವಳು ಹೆಬ್ಬೆಟ್ಟು ಒತ್ತಿದಳು. ಅವನ ಫೋನಿನ ಮೇಲೆ, ಬೆರಳು ತಗೊಂಡಾಗ ಬರುವ ಹಸಿರು ಗುರುತು ಮೂಡಿತು. ಅವನು ಫೋನನ್ನು ಎದೆಯ ಕಡೆಗೆ ವಾಲಿಸಿಕೊಂಡು, "ತಗೊಳ್ಳಲಿಲ್ಲ ಅಕ್ಕ, ಒರೆಸಿ ಇನ್ನೊಮ್ಮೆ ಒತ್ತಿ" ಎಂದ.

ಹಿಂದಿದ್ದವಳು ನಕ್ಕಳು. "ನಿನ್ನ ಗೆರೆ ಎಲ್ಲ ರೋಬಸ್ಟಾ ಗಿಡಕ್ಕೆ ಕೊಟ್ಟಿದ್ದೀಯಲ್ಲ ಮಾರಾಯ್ತಿ! ಹೋಗಿ ಗಿಡವನ್ನೇ ಕರ್ಕೊಂಡು ಬಾ, ಅದು ಒತ್ತಲಿ."

"ಗಿಡಕ್ಕೆ ಸಿಮ್ ಕೊಟ್ರೆ ಅದೂ ನಿನ್ನ ಹಾಗೆ ಕೆಲಸ ಬಿಟ್ಟು ಮಾತಾಡ್ತಾ ನಿಲ್ಲುತ್ತೆ," ಎಂದಳು ಇವಳು.

ಎಲ್ಲರೂ ನಕ್ಕರು. ನಾನೂ ನಕ್ಕು, "ತಲೆಗೊಮ್ಮೆ ಸವರಿಕೋ" ಎಂದೆ. ಸವರಿ ಒತ್ತಿದಳು. ಮತ್ತೆ ಹಸಿರು. ಮತ್ತೆ "ತಗೊಳ್ಳಲಿಲ್ಲ." ನನ್ನ ಗಂಟಲಿನವರೆಗೆ ಒಂದು ಮಾತು ಬಂದಿತ್ತು. ರೀಚಾರ್ಜಿನ ನೆನಪಾಗಿ ನುಂಗಿಕೊಂಡೆ.

ಆ ವರ್ಷ ಹೂಮಳೆ ತಡವಾಯಿತು. ಕಾಫಿ ಹೂ ಬಿಡಿಸಲು ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸುತ್ತಿದ್ದ ಒಂದು ಮಧ್ಯಾಹ್ನ ಲೈನಿನ ಮುಂದೆ ಪೊಲೀಸ್ ಜೀಪು ನಿಂತಿತು. ದೂರದ ಯಾವುದೋ ರಾಜ್ಯದ ಮುದುಕರೊಬ್ಬರಿಗೆ ಯಾರೋ ಬ್ಯಾಂಕಿನವರ ಸೋಗಿನಲ್ಲಿ ಫೋನ್ ಮಾಡಿ, ಅವರ ಖಾತೆ ಬರಿದು ಮಾಡಿದ್ದರು. ಫೋನ್ ಬಂದ ನಂಬರು ಈ ವಿಧವೆಯ ಹೆಸರಿನಲ್ಲಿತ್ತು.

ಅವಳು ಸೆರಗಿನ ಗಂಟಿನಿಂದ ತನ್ನ ಫೋನ್ ತೆಗೆದು ತೋರಿಸಿದಳು. "ನನ್ನ ಹತ್ರ ಇರೋದು ಇದೊಂದೇ ಸಾರ್. ಇದರಲ್ಲೂ ಮಗಳು ಒತ್ತಿ ಕೊಟ್ರೆ ಮಾತಾಡ್ತೇನೆ, ಅಷ್ಟೇ."

"ಅದನ್ನ ನಾಳೆ ಠಾಣೆಗೆ ಬಂದು ಹೇಳು. ಆ ಕಡೆಯ ಪೊಲೀಸರೂ ಬರ್ತಾರೆ," ಎಂದು ಅವರು ಹೋದರು.

ಸಂಜೆ ಅವಳು ನನ್ನ ಕ್ವಾರ್ಟರ್ಸಿನ ಜಗಲಿಗೆ ಬಂದಳು. ಕೂರು ಎಂದರೂ ಕೂರಲಿಲ್ಲ.

"ಕರ್ಕೊಂಡು ಹೋಗ್ತಾರಾ ರೈಟರೇ? ಅಷ್ಟು ದೂರ? ಮಗಳನ್ನ ಯಾರ ಹತ್ರ ಬಿಡಲಿ? ನಾನು ಕೆಲಸಕ್ಕೆ ಬರದಿದ್ರೆ ಲೈನ್ ಮನೆಯೂ ಬಿಡಬೇಕಲ್ಲ."

ಅವಳು ಬಾಯಿ ತೆರೆಯುವ ಮೊದಲೇ ನನಗೆ ಎಲ್ಲವೂ ಅರ್ಥವಾಗಿತ್ತು. ಪ್ರತಿ ಸಲ ಒತ್ತಿದಾಗಲೂ ಅವಳ ಹೆಸರಿನಲ್ಲಿ ಒಂದೊಂದು ಹೊಸ ಸಿಮ್ ಹುಟ್ಟಿತ್ತು. ಒಂದನ್ನು ಅವಳಿಗೆ ಕೊಟ್ಟು ಉಳಿದವನ್ನು ಅವನು ಯಾರಿಗೋ ಮಾರಿಕೊಂಡಿದ್ದ. ಆಗಲೇ ಹೇಳಬೇಕಿತ್ತು. ಆದರೆ ಕೆಲಸ ಹೋದರೆ ನಾನೂ ಮನೆ ಬಿಡಬೇಕಾದವನೇ. "ಏನಾಗೋಲ್ಲ, ನಾನೂ ಜೊತೆಗೆ ಬರ್ತೇನೆ" ಎಂದೆ. ಅವಳು ಅದನ್ನು ದೊಡ್ಡ ಉಪಕಾರವೆಂದುಕೊಂಡು ಕೈಮುಗಿದಳು.

ಠಾಣೆಯಲ್ಲಿ ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ಹೊರರಾಜ್ಯದ ಅಧಿಕಾರಿ ಕೇಳುತ್ತಿದ್ದರು, ನಮ್ಮ ಇನ್ಸ್‌ಪೆಕ್ಟರ್ ಕನ್ನಡದಲ್ಲಿ ಹೇಳುತ್ತಿದ್ದರು.

"ಸಿಮ್ ಎಲ್ಲಿ ತಗೊಂಡೆ?"

ಅವಳು ಒಮ್ಮೆ ನನ್ನನ್ನು ನೋಡಿದಳು, ಆಮೇಲೆ ನೆಲ ನೋಡಿದಳು. "ವಿರಾಜಪೇಟೆ ಸಂತೆಯಲ್ಲಿ ಸಾರ್."

"ಜೊತೆಗೆ ಯಾರಿದ್ರು?"

"ಯಾರೂ ಇಲ್ಲ. ಒಬ್ಬಳೇ ಹೋಗಿದ್ದೆ."

ರೈಟರ ಹೆಸರು ಬಾಯಿಗೆ ಬರಬಾರದು ಎಂಬುದನ್ನು ಅವಳು ಯಾರೂ ಹೇಳಿಕೊಡದೆಯೇ ಕಲಿತಿದ್ದಳು. ನಾಳೆಯೂ ನಾನೇ ಅವಳ ಹಾಜರಿ ಹಾಕಬೇಕಲ್ಲ.

"ಒಬ್ಬಳೇ ಹೋಗಿದ್ರೆ ಸಾಕ್ಷಿ ಯಾರು? ನೀನೇ ಸಿಮ್ ತೆಗೆದು ಮಾರಿಲ್ಲ ಅಂತ ಹೇಗೆ ನಂಬೋದು?"

ಅವಳು ಕಪ್ಪಾದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಆ ಅಧಿಕಾರಿ ಪಕ್ಕದವರ ಕಡೆ ತಿರುಗಿ ಏನೋ ಹೇಳಿದರು. ಕರೆದುಕೊಂಡು ಹೋಗುವ ಮಾತೇ ಇರಬೇಕು ಅನ್ನಿಸಿತು. ನಾನು ಎದ್ದು ನಿಂತೆ.

"ಸಾರ್, ಅವಳು ಸುಳ್ಳು ಹೇಳ್ತಿದ್ದಾಳೆ."

ಅವಳು ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಮರೆಯಲಾರೆ. ಕಾಪಾಡಲು ಬಂದವನೇ ಕೈಬಿಟ್ಟ ಎಂದು ಅವಳಿಗೆ ತೋರಿರಬೇಕು.

"ನನ್ನನ್ನ ಉಳಿಸೋಕ್ಕೆ ಸುಳ್ಳು ಹೇಳ್ತಿದ್ದಾಳೆ. ಸಿಮ್‌ನವನನ್ನ ಎಸ್ಟೇಟಿಗೆ ಕರೆಸಿದ್ದು ನಾನು. ಮೊದಲನೇ ಸಲವೇ ಹಸಿರು ಗುರುತು ಬಂದಿತ್ತು. ನಾನು ನೋಡಿದ್ದೆ. ನೋಡಿಯೂ ಇನ್ನೊಮ್ಮೆ ಒತ್ತು ಅಂದೆ."

"ಯಾಕೆ?" ಇನ್ಸ್‌ಪೆಕ್ಟರ್ ಕೇಳಿದರು.

"ನನ್ನ ಫೋನಿಗೆ ರೀಚಾರ್ಜ್ ಹಾಕಿಸಿದ್ದ ಸಾರ್."

ಬಾಯಿಂದ ಹೊರಬಿದ್ದಾಗ ಅದೆಷ್ಟು ಸಣ್ಣ ಮಾತಾಗಿತ್ತು! ಅಧಿಕಾರಿ ತಮ್ಮ ಕಂಪ್ಯೂಟರಿನಲ್ಲಿ ನೋಡಿದರು. ಅವಳ ಹೆಸರಿನ ನಂಬರುಗಳೆಲ್ಲ ಅದೇ ಭಾನುವಾರ, ಒಂದರ ಹಿಂದೆ ಒಂದರಂತೆ ಕೊಟ್ಟಂಥವು. ನನ್ನ ಮಾತು ಅದಕ್ಕೆ ಹೊಂದಿತು. ನಮ್ಮಿಬ್ಬರ ಹೇಳಿಕೆ ಬರೆದುಕೊಂಡು ಅವಳನ್ನು ಮನೆಗೆ ಕಳಿಸಿದರು. ಆ ಸಿಮ್‌ನವನು ಸಿಕ್ಕಿದನೇ ಎಂಬುದು ನನಗೆ ತಿಳಿಯದು.

ಹೊರಡುವ ಮೊದಲು ಪೇದೆಯೊಬ್ಬರು ನಮಗೆ ಎರಡು ವಿಷಯ ಹೇಳಿಕೊಟ್ಟರು. ನಮ್ಮ ಹೆಸರಿನಲ್ಲಿ ಯಾವ ಯಾವ ನಂಬರುಗಳಿವೆ ಎಂದು ಸರ್ಕಾರದ ಜಾಲತಾಣದಲ್ಲಿ ನಾವೇ ನೋಡಬಹುದು, ನಮ್ಮದಲ್ಲದ್ದನ್ನು ನಿಲ್ಲಿಸಲು ಹೇಳಬಹುದು. ಆಧಾರ್‌ನಲ್ಲಿ ನಮ್ಮ ಹೆಬ್ಬೆಟ್ಟಿಗೂ ಬೀಗ ಹಾಕಿಡಬಹುದು, ಬೇಕಾದಾಗ ಮಾತ್ರ ತೆಗೆಯಬಹುದು. ಮರುದಿನದಿಂದ ಲೈನಿನ ಒಬ್ಬೊಬ್ಬರನ್ನೇ ಜಗಲಿಯಲ್ಲಿ ಕೂರಿಸಿ ಹುಡುಕಿದೆ. ಬಹಳ ಮಂದಿಯ ಹೆಸರಿನಲ್ಲಿ ಅವರಿಗೇ ಗೊತ್ತಿಲ್ಲದ ನಂಬರುಗಳಿದ್ದವು. ನನ್ನ ಹೆಸರಿನಲ್ಲಿ ಅಂಥದ್ದು ಒಂದೂ ಇರಲಿಲ್ಲ. ಆ ಭಾನುವಾರ ನಾನು ಹೆಬ್ಬೆಟ್ಟು ಒತ್ತಿರಲಿಲ್ಲ, ಒತ್ತಿಸಿದ್ದೆ.

ಹೇಳಿಕೆ ಕೊಟ್ಟ ದಿನ ಠಾಣೆಯಿಂದ ಬರುವಾಗ ಬಸ್ಸಿನಲ್ಲಿ ಅವಳು ದೂರದ ಸೀಟಿನಲ್ಲಿ ಕೂತಳು. ಗೇಟಿನ ಹತ್ತಿರ ಇಳಿದ ಮೇಲೆ ಕೇಳಿದಳು. "ಹಸಿರು ಕಂಡಾಗಲೇ ಒಂದು ಮಾತು ಹೇಳೋಕ್ಕೆ ಆಗಲಿಲ್ವಾ ರೈಟರೇ?"

ನಾನು ಗೇಟಿನ ಚಿಲಕ ತೆಗೆದು, ಅವಳು ಒಳಗೆ ಹೋಗಲೆಂದು ಬದಿಗೆ ಸರಿದು ನಿಂತೆ.

ಸಾವ್ಕಾರ್ರು ನನ್ನನ್ನು ಕೆಲಸದಿಂದ ಬಿಡಿಸಿದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಈಗ ಪೇಟೆಯಲ್ಲಿ ಬಾಡಿಗೆ ಕೋಣೆಯಲ್ಲಿದ್ದೇನೆ. ಮೊನ್ನೆ ರೇಷನ್ ಅಂಗಡಿಯ ಸಾಲಿನಲ್ಲಿ ಅವಳು ನನಗಿಂತ ಮುಂದಿದ್ದಳು. ಮಗಳು ಫೋನಿನಲ್ಲಿ ಹೆಬ್ಬೆಟ್ಟಿನ ಬೀಗ ತೆಗೆದುಕೊಟ್ಟಳು, ತಾಯಿ ಒತ್ತಿದಳು.

"ತಗೊಳ್ಳಲಿಲ್ಲಮ್ಮ, ಇನ್ನೊಮ್ಮೆ ಒತ್ತಿ," ಎಂದ ಅಂಗಡಿಯವನು.

ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. "ಮೊದಲು ಯಂತ್ರ ಈ ಕಡೆ ತಿರುಗಿಸಿ. ನಾನು ನೋಡಬೇಕು."

ಅವನು ಗೊಣಗುತ್ತಾ ತಿರುಗಿಸಿದ. ಕೆಂಪು ಇತ್ತು. ಅವಳು ಅದನ್ನು ನೋಡಿದಳು, ಮಗಳಿಗೂ ತೋರಿಸಿದಳು. ಆಮೇಲೆ ಹೆಬ್ಬೆರಳನ್ನು ತಲೆಗೂದಲಿಗೆ ಸವರಿ ಮತ್ತೆ ಒತ್ತಿದಳು. ಹಿಂದೆ ನಿಂತಿದ್ದ ನಾನೂ ಕತ್ತು ಚಾಚಿ ನೋಡಿದೆ. ಹಸಿರು ಬಂತು.

"ಬಂತು," ಎಂದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

ಅವಳು ತಿರುಗಿ ನೋಡಲಿಲ್ಲ.