ಚಿದಾನಂದಪ್ಪನವರೂ ಐದು ಮೂಲೆಯ ಹರಳೂ

ಕುರುಗೋಡಿನ ಚಿದಾನಂದಪ್ಪನವರು ಬಳ್ಳಾರಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮುಖ್ಯಸ್ಥರು. ಅಣುಗಳು ಕೂಡುವುದೂ ಅಗಲುವುದೂ ತಮ್ಮ ಅಪ್ಪಣೆ ಪಡೆದೇ ಎಂದು ಅವರು ಸಾವಿರದ ಒಂಬೈನೂರ ಅರವತ್ತೈದರಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ನಂಬಿದ್ದರು. ಪ್ರತಿವರ್ಷ ರಟ್ಟಿನಿಂದ ಐದು ಮೂಲೆಯ ಬಿಲ್ಲೆಗಳನ್ನು ಕತ್ತರಿಸಿ ತಂದು, ಮೇಜಿನ ಮೇಲೆ ಜೋಡಿಸಿ, ನಡುವೆ ಉಳಿದ ಸಂದಿಗೆ ಬೆರಳಿಟ್ಟು, "ನೋಡ್ರಿ, ಕೂಡಂಗಿಲ್ಲ! ಹರಳಿನ್ಯಾಗ ನಾಕು ಮೂಲಿ ಬರ್ತಾವು, ಆರು ಬರ್ತಾವು. ಐದು ಬರಂಗಿಲ್ಲ!" ಎಂದು ಗುಡುಗುವರು. ಐದು ಮೂಲೆಗೂ ಅವರಿಗೂ ಹೊಲದ ಬದುವಿನ ವ್ಯಾಜ್ಯವೇ ಇದ್ದಂತಿತ್ತು.

ಎಂಬತ್ತೈದರಲ್ಲಿ ಒಂದು ಮಧ್ಯಾಹ್ನ, ಸಿರುಗುಪ್ಪದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ ಹೊಸ ಉಪನ್ಯಾಸಕಿ ಸುವರ್ಣಮ್ಮ ವಿಜ್ಞಾನ ಪತ್ರಿಕೆಯೊಂದನ್ನು ಹಿಡಿದು ಬಂದರು.

"ಸರ್, ಐದು ಮೂಲಿ ಲೆಕ್ಕದ ಹರಳು ಸಿಕ್ಕೈತಂತ್ರಿ. ಕರಗಿಸಿದ ಲೋಹಾನ ತಟ್ಟನ ಆರಿಸ್ಯಾರ. ಅಣುಗಳು ಶಿಸ್ತಿಲೇ ಕುಂತಾವು, ಆದ್ರ ಅದೇ ಚಿತ್ತಾರ ಸಾಲಾಗಿ ತಿರುಗಿ ಬರಂಗಿಲ್ಲ."

"ಅಚ್ಚಿನ ತಪ್ಪಿರಬೇಕಮ್ಮಾ."

"ಫೋಟೋ ಹಾಕ್ಯಾರ್ರಿ ಸರ್."

"ಹಂಗಾದ್ರ ಕ್ಯಾಮೆರಾದ ತಪ್ಪು."

ಸುವರ್ಣಮ್ಮ ಬಿಡಲಿಲ್ಲ. "ಈಗ ಕವಲೊಡಿಯೋ ಪಾಲಿಮರ್ ಮಾಡ್ಯಾರ್ರಿ. ಒಂದು ಕವಲು ಎರಡಾಗಿ, ಎರಡು ನಾಕಾಗಿ, ಕಡೀಗೆ ಅಣುನೇ ಚೆಂಡಿನಂಗ ಆಗತೈತಿ. ಆ ಚೆಂಡುಗಳು ಬ್ರೂಸ್‌ಪೇಟಿ ಮಾರ್ಕೆಟ್ಟಿನ ನಿಂಬಿಹಣ್ಣಿನ ರಾಶಿಯಂಗ, ಯಾರೂ ಪೇರಿಸದನ ತಾವಾಗೇ ಸಾಲು ಹಿಡೀಬಹುದು. ಈ ಲೋಹದಂಗ ತಿರುಗಿ ಬರದ ಚಿತ್ತಾರಾನೂ ಕಟ್ಟಬಹುದಲ್ರಿ?"

"ಕೊಂಬಿ, ಕವಲು ಅಂದ್ರ ಸಸ್ಯಶಾಸ್ತ್ರ. ಮ್ಯಾಲಿನ ಮಹಡಿಗೆ ಹೋಗ್ರಿ," ಎಂದು ಚಿದಾನಂದಪ್ಪನವರು ಮಾತು ಮುಗಿಸಿದರು. ಯಾರ ಸಹಿಯೂ ಇಲ್ಲದೆ ತಾವಾಗಿಯೇ ಸಾಲು ನಿಲ್ಲುವ ವಸ್ತುವನ್ನು ಅವರು ಆ ಕಾಲೇಜಿನಲ್ಲಂತೂ ಕಂಡಿರಲಿಲ್ಲ.

ದುರದೃಷ್ಟಕ್ಕೆ, ಆ ವರ್ಷವೇ ಬೆಂಗಳೂರಿನಿಂದ ಬಂದ ವಿಜ್ಞಾನಿಯೊಬ್ಬರು ಅದೇ ಹರಳಿನ ಮೇಲೆ ಭಾಷಣ ಮಾಡಿದರು. ಅಧ್ಯಕ್ಷತೆ ಚಿದಾನಂದಪ್ಪನವರದೇ. ಪರದೆಯ ಮೇಲೆ ನಡುವಿನ ಬೆಳಕಿನ ಸುತ್ತ ಐದರ ಲೆಕ್ಕಕ್ಕೆ ಸಾಕ್ಷಿಯಾಗಿ ಹತ್ತು ಚುಕ್ಕೆಗಳು ಹೊಳೆದಾಗ ಇಡೀ ಸಭೆ ತಿರುಗಿ ಅಧ್ಯಕ್ಷರ ಮುಖ ನೋಡಿತು. ಅವರು ಎದ್ದು ನಿಂತರು.

"ಐದು ಮೂಲಿ ಸುಲಭಕ್ಕ ಬರಂಗಿಲ್ಲ ಅಂತ ನಾನು ಮೊದಲಿನಿಂದ ಹೇಳ್ಕೋತ ಬಂದೀನಿ. 'ಸುಲಭಕ್ಕ' ಅಂದದ್ದು ಹಿಂದಿನ ಬೆಂಚಿನವರಿಗೆ ಕೇಳಿಸಿರಲಿಕ್ಕಿಲ್ಲ."

ಚಪ್ಪಾಳೆ ಬಿತ್ತು. ಏನೂ ಅರ್ಥವಾಗದ ಆಡಳಿತ ಮಂಡಳಿಯವರದೇ ಎಲ್ಲಕ್ಕಿಂತ ಜೋರು.

ಆ ಭಾನುವಾರ ಅವರು ಪಡಸಾಲೆಯಲ್ಲಿ ಬಿಲ್ಲೆಗಳನ್ನು ಹರಡಿಕೊಂಡು ಕೂತರು. ಸಂದಿಗಳ ಆಕಾರಕ್ಕೇ ಬೇರೆ ತುಂಡುಗಳನ್ನು ಕತ್ತರಿಸಿ ತುರುಕಿದರು. ಕೂಡಿತು! ಐದೆಸಳಿನ ಹೂಗಳು ಅಲ್ಲಲ್ಲಿ ಅರಳುತ್ತ ಹೊಸ್ತಿಲವರೆಗೆ ಹರಡಿದವು.

"ಏನ್ರಿ, ಈ ವಯಸ್ಸಿನ್ಯಾಗ ರಂಗೋಲಿ?" ಎಂದರು ಹೆಂಡತಿ ವೀರಭದ್ರಮ್ಮ.

"ತುಳೀಬ್ಯಾಡ, ಚಂದ ಬಂದೈತಿ," ಎಂದರು ಚಿದಾನಂದಪ್ಪನವರು. ಮದುವೆಯಾದಂದಿನಿಂದ ಗಂಡ ಇಷ್ಟು ಮೆತ್ತಗೆ ಮಾತಾಡಿದ್ದು ಆಕೆಗೆ ನೆನಪಿರಲಿಲ್ಲ.

ಸೋಮವಾರ ಹರಳಿನ ಪಾಠವನ್ನು ಸುವರ್ಣಮ್ಮನವರಿಗೆ ಒಪ್ಪಿಸಿದರು. "ಆ ಕವಲಿನ ಪಾಲಿಮರ್ ಬಗ್ಗೇನೂ ಹೇಳ್ರಿ," ಎಂದವರು ತಾವೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ತಪ್ಪಾಯಿತೆಂಬ ಮಾತು ಮಾತ್ರ ಬಾಯಿಂದ ಬರಲಿಲ್ಲ. ಪಾಠ ಮುಗಿಯುವವರೆಗೂ ತುಟಿ ಬಿಚ್ಚದೆ ಕೇಳಿದರು. ಅವರು ಹಾಗೆ ಸುಮ್ಮನಿದ್ದುದನ್ನು ಎಂದೂ ಕಾಣದ ಜವಾನ ಗಾದೆಪ್ಪ, ಸಾಹೇಬರಿಗೆ ಏನೋ ಆಗಿದೆಯೆಂದು ಗಾಬರಿಯಾಗಿ, ಓಡಿಹೋಗಿ ಸೋಡಾ ತಂದು ಮುಂದಿಟ್ಟ.