ಎಣ್ಣೆಗೆ ಸುರಿದ ಸಕ್ಕರೆ

ನಾನು ಸುಳ್ಳು ಹೇಳಿದ್ದು ದೇವರ ಮುಂದೆಯೇ. ಸತ್ಯನಾರಾಯಣ ಪೂಜೆ ಆಗಷ್ಟೇ ಮುಗಿದಿತ್ತು, ಪ್ರಸಾದ ಹಂಚುತ್ತಿದ್ದೆ. “ಇದು ನಮ್ಮ ಅಜ್ಜಿ ಮಾಡ್ತಿದ್ರು” ಎಂದುಬಿಟ್ಟೆ. ಆ ತಿಂಡಿಯನ್ನು ನನಗೆ ನಿಜವಾಗಿ ಕಲಿಸಿದವಳು ಬಾಗಿಲ ಬಳಿ ದೊನ್ನೆ ಹಿಡಿದು ನಿಂತಿದ್ದಳು.

ಅವಳ ಹೆಸರು ಲಿಗಾಯ. ಫಿಲಿಪೀನ್ಸ್ ದೇಶದವಳು. ಎಂಬತ್ತರ ದಶಕದ ಆರಂಭದಲ್ಲಿ, ನಮ್ಮವರ ಕಾರ್ಖಾನೆ ಕೆಲಸಕ್ಕೆಂದು ನಾವು ಧಾರವಾಡದಿಂದ ಬಂದು ಹೆಬ್ಬಾಳದಲ್ಲಿ ಬಾಡಿಗೆಗಿದ್ದೆವು. ಅವಳ ಗಂಡ ಅಲ್ಲಿಯ ಕೃಷಿ ಕಾಲೇಜಿಗೆ ಓದಲು ಬಂದವನು. ಎರಡೂ ಮನೆಗೆ ಹಿತ್ತಲ ಗೋಡೆ ಒಂದೇ.

ಅರೆಹಣ್ಣಾದ ನೇಂದ್ರಬಾಳೆಯನ್ನು ಸುಲಿದು ಎಣ್ಣೆಗೆ ಬಿಡುವಳು. ಆಮೇಲೆ — ಮೊದಲ ಸಲ ನೋಡಿ ಹೌಹಾರಿದ್ದೆ — ಸಕ್ಕರೆಯನ್ನು ಕಾದ ಎಣ್ಣೆಗೇ ಸುರಿಯುವಳು. ಪಾಕವಿಲ್ಲ, ಎಳೆ ನೋಡುವುದಿಲ್ಲ. ಅದು ಕರಗಿ, ಕಂದಾಗಿ, ಹಣ್ಣಿನ ಮೈಗೆ ಗಾಜಿನಂತೆ ಹತ್ತಿಕೊಳ್ಳುತ್ತಿತ್ತು. ಬಿದಿರುಕಡ್ಡಿಗೆ ಚುಚ್ಚಿ ಗೋಡೆಯ ಮೇಲಿಂದ ಚಾಚುವಳು.

“ಬನಾನಾ ಕ್ಯೂ, ಅಕ್ಕಾ. ನಮ್ಮೂರು ರೋಡಲ್ಲಿ ಮಾರ್ತಾರೆ. ನಿಂತ್ಕೊಂಡೇ ತಿನ್ನಬೇಕು!”

ನಿಂತುಕೊಂಡೇ ತಿಂದೆ. ಹಲ್ಲಿಗೆ ಕಟುಂ ಎನ್ನುವ ಸಕ್ಕರೆ, ಒಳಗೆ ಮೆತ್ತನೆಯ ಬಿಸಿ ಹಣ್ಣು — ನಾಲಿಗೆ ಸುಟ್ಟರೂ ಬಿಡಲಾಗುತ್ತಿರಲಿಲ್ಲ. ತಿನ್ನುವ ಚಪಲ ನನಗೆ ಮೊದಲಿನಿಂದಲೂ ಹೆಚ್ಚು. ಮೀನು ಬೇಯಿಸುವ ಮನೆಯೆಂದು ನಮ್ಮ ಅತ್ತೆ ಅಲ್ಲಿಯ ನೀರನ್ನೂ ಮುಟ್ಟುತ್ತಿರಲಿಲ್ಲ. ನಾನು ಬಾಯಿ ಮುಕ್ಕಳಿಸಿ ಒಳಗೆ ಹೋಗುತ್ತಿದ್ದೆ. ಅವರಿಗೆ ತಿಳಿಯದೆ ಹೋದದ್ದನ್ನೂ ದೇವರ ದಯೆ ಎಂದೇ ಅಂದುಕೊಂಡಿದ್ದೆ.

ಪೂಜೆಯ ದಿನ ನಮ್ಮ ಒಲೆಯಲ್ಲಿ, ನಮ್ಮ ಬಾಣಲೆಯಲ್ಲಿ, ಮಡಿಯುಟ್ಟು ಅದನ್ನೇ ಕರಿದೆ. ಕಡ್ಡಿಗೆ ಚುಚ್ಚದೆ, ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಸಜ್ಜಿಗೆಯ ಪಕ್ಕ ನೈವೇದ್ಯಕ್ಕಿಟ್ಟೆ. ಲಿಗಾಯಳನ್ನು ನಾನೇ ಕರೆದಿದ್ದೆ. “ನಿನ್ನ ತಿಂಡಿ ದೇವರಿಗೆ ಇಡ್ತೀನಿ, ಬಾ” ಎಂದಾಗ ನನ್ನ ಎರಡೂ ಕೈ ಹಿಡಿದುಕೊಂಡಿದ್ದಳು. ಯಾರಿಂದಲೋ ಸೀರೆ ಉಡಿಸಿಕೊಂಡು ಬಂದಿದ್ದಳು.

ನಮ್ಮ ಬಾಡಿಗೆಮನೆಯ ಒಡತಿ ಬಾಯಿಗಿಟ್ಟವರೇ, “ಇದೇನ್ರೀ ಇದು! ಇಷ್ಟ್ ದಿನ ಎಲ್ ಬಚ್ಚಿಟ್ಟಿದ್ರಿ?” ಎಂದರು.

“ನಾನೂ ಕಂಡಿಲ್ಲವ್ವಾ. ಯಾರ ಹಂತೇಲಿ ಕಲತಿ?” ಎಂದು ಅತ್ತೆ ಕೇಳಿದರು. ಅವರ ಬಾಯಲ್ಲಿ ಇನ್ನೂ ಹಣ್ಣಿತ್ತು.

ಆಗ ಅಜ್ಜಿಯ ಹೆಸರು ಹೇಳಿದೆ. ಯೋಚಿಸಲೂ ಇಲ್ಲ — ಅಷ್ಟು ಸರಾಗವಾಗಿ.

ಲಿಗಾಯಳಿಗೆ ಅಷ್ಟು ಕನ್ನಡ ಅರ್ಥವಾಗುತ್ತಿತ್ತು. ನನ್ನನ್ನೇ ನೋಡಿದಳು. ಒಂದು ಮಾತು ಆಡಿದ್ದರೆ ಸಾಕಿತ್ತು — ಆಡುತ್ತಾಳೆಂದು ಕಾದೆ.

“ತುಂಬಾ ಚೆನ್ನಾಗಿದೆ, ಅಕ್ಕಾ” ಎಂದಳು. “ಹೇಗೆ ಮಾಡೋದು?”

“ಹೇಳ್ಕೊಡ್ರೀ ಪಾಪ, ಅವಳೂ ಕಲೀಲಿ” ಎಂದು ಮನೆಯೊಡತಿ ನಕ್ಕರು.

ಹೇಳಿಕೊಟ್ಟೆ. ಎಲ್ಲರೆದುರು, ಅವಳಿಗೇ. ಸಕ್ಕರೆಯನ್ನು ಎಣ್ಣೆಗೇ ಸುರಿಯಬೇಕು ಎಂದಾಗ, “ಎಣ್ಣೆಗೇ ನಾ, ಅಕ್ಕಾ?” ಎಂದು ಕೇಳಿದಳು. ಹೌದು ಎಂದೆ. ಅವಳು ದೊನ್ನೆಯನ್ನು ಮುಚ್ಚಿ ಹಿಡಿದುಕೊಂಡು ಹೋದಳು.

ಮುಂದೆ ಎದುರಾದಾಗ ನಗುತ್ತಿದ್ದಳು, ಗೋಡೆಯಾಚೆಯಿಂದ ಕರೆಯುತ್ತಿರಲಿಲ್ಲ. ನಾನೂ ಹೋಗಲಿಲ್ಲ — ಹೋಗಿ ಏನೆನ್ನಲಿ? ಗಂಡನ ಓದು ಮುಗಿದ ಮೇಲೆ ಅವರು ಊರಿಗೆ ಹೊರಟುಹೋದರು. ಅತ್ತೆ ಬದುಕಿದ್ದಷ್ಟು ದಿನವೂ ಆ ತಿಂಡಿಯನ್ನು ಕೇಳಿ ಮಾಡಿಸಿಕೊಂಡು ತಿಂದರು, ನನ್ನ ಅಜ್ಜಿಯನ್ನು ಹೊಗಳಿದರು. ಹಲ್ಲು ಹೋದಮೇಲೂ ಚೀಪಿದರು. ಅದೊಂದು ಸಂತೋಷ ಅವರಿಗೆ ಸಿಕ್ಕಿತು. ಆದರೆ ಅದು ನಾನು ಕೊಟ್ಟದ್ದಲ್ಲ.

ನಮ್ಮ ಮನೆಯಲ್ಲಿ ಈಗಲೂ ಅದಕ್ಕೆ ‘ಧಾರವಾಡದ ಬಾಳೆಹಣ್ಣು’ ಎಂದೇ ಹೆಸರು. ಮೊನ್ನೆ ಸೊಸೆ ಕರಿಯುತ್ತಿದ್ದಳು. ಮೊಮ್ಮಗಳು ಒಂದು ತುಂಡು ಬಾಯಿಗೆ ಹಾಕಿಕೊಂಡು, “ನಿಮ್ಮ ಅಜ್ಜಿ ಇದನ್ನ ಹೇಗೆ ಕಂಡುಹಿಡಿದ್ರು, ಅಜ್ಜಿ?” ಎಂದಳು.

“ನಮ್ಮ ಅಜ್ಜಿ ಇದನ್ನ ನೋಡೇ ಇರಲಿಲ್ಲ ಮರೀ” ಎಂದೆ. “ಲಿಗಾಯ ಅಂತ ಒಬ್ಬಳು ಕಲಿಸಿದ್ದು. ನಾನು ಸುಳ್ಳು ಹೇಳಿದ್ದೆ.”

ಅವಳು ಒಳಗೆ ಓಡಿಹೋಗಿ ಅದನ್ನು ಅಮ್ಮನಿಗೆ ಕೂಗಿ ಹೇಳಿದಳು. ನಾನು ತಡೆಯಲಿಲ್ಲ.